ಡೈಪರ್, ತಟ್ಟೆ, ಸ್ನಾನದ ಕುರ್ಚಿ: ಎನ್‌ಡಿಐಎಸ್‌ನಲ್ಲಿ ಸಣ್ಣ ಸಾಮಾನಿನ ದುಡ್ಡು ಕೇಳೋದು ಹೇಗೆ?

ನಮ್ಮ ಮನೆ ಬಾಗಿಲಿಗೆ ಮೂರು ತಿಂಗಳಿಗೊಮ್ಮೆ ನಾಲ್ಕು ದೊಡ್ಡ ರಟ್ಟಿನ ಪೆಟ್ಟಿಗೆ ಬಂದು ಕೂರುತ್ತವೆ. ಒಳಗಿರೋದು ನನ್ನ ಮಗನ ಡೈಪರ್. ಅವನಿಗೀಗ ಹತ್ತು ವರ್ಷ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇದೆ. ಅವನಿಗೆ ಆರು, ಏಳು ವರ್ಷವಿದ್ದಾಗ ಇದೇ ಡೈಪರನ್ನು ಸೂಪರ್‌ಮಾರ್ಕೆಟ್‌ನಲ್ಲಿ ಕೈಯಿಂದ ದುಡ್ಡು ಕೊಟ್ಟು ತರುತ್ತಿದ್ದೆವು. ಎನ್‌ಡಿಐಎಸ್ ಅಂದರೆ ನ್ಯಾಷನಲ್ ಡಿಸೆಬಿಲಿಟಿ ಇನ್ಶೂರೆನ್ಸ್ ಸ್ಕೀಮ್, ಅಂಗವಿಕಲರಿಗೆ ಆಸ್ಟ್ರೇಲಿಯಾ ಸರ್ಕಾರ ಮಾಡಿರುವ ಯೋಜನೆ. ಯಾವುದಕ್ಕೆ ಎಷ್ಟು ದುಡ್ಡು ಅಂತ ಬರೆದಿರುವ ಅವನ ಎನ್‌ಡಿಐಎಸ್ ಪ್ಲಾನ್‌ನಲ್ಲಿ ಡೈಪರ್‌ಗೆಂದೇ ದುಡ್ಡು ಇತ್ತು. ಇರೋದು ನಮಗೆ ಗೊತ್ತೂ ಇತ್ತು. ಥೆರಪಿಗೆ ಇಷ್ಟು ಕೊಡ್ತಾರೆ, ಇನ್ನು ಡೈಪರ್‌ಗೂ ಕೈ ಚಾಚೋದಾ ಅನ್ನೋ ಸಂಕೋಚ. ವರ್ಷ ಮುಗಿಯಿತು, ಪ್ಲಾನ್ ಮುಗಿಯಿತು, ಮುಟ್ಟದೆ ಇಟ್ಟಿದ್ದ ದುಡ್ಡೂ ಅದರ ಜೊತೆಗೇ ಹೋಯಿತು.

ಯುಗಾದಿ ಊಟದಲ್ಲಿ ಒಮ್ಮೆ ಈ ಪೆದ್ದುತನವನ್ನು ಹೇಳಿಕೊಂಡೆ. ನಗುತ್ತಾರೆ ಅಂದುಕೊಂಡಿದ್ದೆ. ಪಕ್ಕದಲ್ಲಿ ಕೂತಿದ್ದ ಮೂರು ಮನೆಯವರೂ ನಗಲಿಲ್ಲ. ಅವರು ಮಾಡುತ್ತಿದ್ದದ್ದೂ ಅದನ್ನೇ. ಸ್ಪೀಚ್ ಥೆರಪಿ, ಫಿಸಿಯೋ ಅಂದರೆ ನಮ್ಮವರು ಚೆನ್ನಾಗಿ ಓದಿಕೊಂಡಿರುತ್ತಾರೆ. ಇಪ್ಪತ್ತು ಡಾಲರಿನ ಚಮಚಕ್ಕೆ ಕ್ಲೇಮ್ ಹಾಕಬೇಕು ಅಂದರೆ ಮಾತ್ರ 'ಹೋಗ್ಲಿ ಬಿಡಿ' ಅಂತಾರೆ. ಆಸ್ಟ್ರೇಲಿಯಾದಲ್ಲಿರುವ ಅಂಥ ಕನ್ನಡ ಮನೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಸಂಕೋಚದ ಮಾತು. ನಮ್ಮೂರಲ್ಲಿ ಅಂಗವಿಕಲರ ಸೌಲಭ್ಯ ಅಂದರೆ ಆದಾಯ ಪ್ರಮಾಣಪತ್ರ, ಬಿಪಿಎಲ್ ಕಾರ್ಡು, ನಾಡಕಚೇರಿಯ ಸಾಲು. ಇದು ಬಡವರಿಗೆ ಸಿಗುವ ಸಹಾಯ ಅನ್ನೋದು ತಲೆಯಲ್ಲಿ ಕೂತುಬಿಟ್ಟಿದೆ. ಎನ್‌ಡಿಐಎಸ್ ಹಾಗಲ್ಲ. ನಿಮ್ಮ ಸಂಬಳ ಎಷ್ಟು, ಮನೆ ಸ್ವಂತದ್ದಾ ಬಾಡಿಗೆಯದಾ ಅಂತ ಇಲ್ಲಿ ಯಾರೂ ಕೇಳೋದಿಲ್ಲ. ಹೆಸರಲ್ಲೇ ಇನ್ಶೂರೆನ್ಸ್ ಅಂತಿದೆ. 2013ರಲ್ಲಿ ಕಾನೂನು ಬಂತು, ಅದೇ ಜುಲೈನಲ್ಲಿ ಕೆಲವು ಕಡೆ ಪ್ರಯೋಗವಾಗಿ ಶುರುವಾಯಿತು, ಇವತ್ತು ದೇಶದಾದ್ಯಂತ 7 ಲಕ್ಷಕ್ಕೂ ಜಾಸ್ತಿ ಜನ ಇದರಲ್ಲಿದ್ದಾರೆ. ಇದರ ಖರ್ಚಿಗೆ ನೆರವಾಗಲಿ ಅಂತಲೇ 2014ರ ಜುಲೈಯಿಂದ ಮೆಡಿಕೇರ್ ಲೆವಿಯನ್ನು (ಸರ್ಕಾರಿ ಆರೋಗ್ಯ ಯೋಜನೆಗೆ ನಾವು ಟ್ಯಾಕ್ಸ್ ಜೊತೆ ಕಟ್ಟುವ ದುಡ್ಡು) ಶೇ. 1.5ರಿಂದ ಶೇ. 2ಕ್ಕೆ ಏರಿಸಿದರು. ವರ್ಷ ವರ್ಷ ಟ್ಯಾಕ್ಸ್ ರಿಟರ್ನ್ ಹಾಕುವಾಗ ಆ ಸಾಲನ್ನು ನೋಡುತ್ತೀರಿ ಅಲ್ವಾ? ಕಾರಿನ ಇನ್ಶೂರೆನ್ಸ್ ಕಟ್ಟಿದವರು ಗಾಜು ಒಡೆದಾಗ ಕ್ಲೇಮ್ ಮಾಡಲು ನಾಚಿಕೊಳ್ಳೋದಿಲ್ಲ.

ಎರಡು ಬಗೆಯ ಸಾಮಾನು, ಒಂದೇ ಡಬ್ಬಿ

ಎನ್‌ಡಿಐಎಸ್ ಪ್ಲಾನ್ ಕೈಗೆ ಬಂದಾಗ ಅದರಲ್ಲಿ ದುಡ್ಡು ಒಟ್ಟಿಗೆ ಇರೋದಿಲ್ಲ. ನಮ್ಮ ಅಜ್ಜಿಯರು ಸಾಸಿವೆ ಡಬ್ಬಿ, ಜೀರಿಗೆ ಡಬ್ಬಿ ಅಂತ ದುಡ್ಡು ಬೇರೆ ಬೇರೆ ಮಾಡಿ ಬಚ್ಚಿಡುತ್ತಿದ್ದರಲ್ಲ, ಹಾಗೆ. ಮುಖ್ಯವಾದವು ಮೂರು: ದಿನನಿತ್ಯದ ನೆರವಿಗೆ ಕೋರ್, ಥೆರಪಿಯಂಥವಕ್ಕೆ ಕೆಪ್ಯಾಸಿಟಿ ಬಿಲ್ಡಿಂಗ್, ದೊಡ್ಡ ಸಲಕರಣೆ ಮತ್ತು ಮನೆಯ ಮಾರ್ಪಾಡಿಗೆ ಕ್ಯಾಪಿಟಲ್. ನಾವು ಮಾತಾಡುತ್ತಿರುವುದು ಕೋರ್ ಒಳಗಿರುವ ಒಂದು ಸಣ್ಣ ಡಬ್ಬಿ. ಅದರ ಹೆಸರು ಕನ್ಸ್ಯೂಮಬಲ್ಸ್.

ಈ ಹೆಸರೇ ಅರ್ಧ ಗೊಂದಲಕ್ಕೆ ಕಾರಣ. ಕನ್ಸ್ಯೂಮಬಲ್ಸ್ ಅಂದರೆ ಬಳಸಿ ಬಿಸಾಡುವ ಸಾಮಾನು ಮಾತ್ರ ಅಂತ ಎಲ್ಲರೂ ತಿಳಿಯುತ್ತಾರೆ. ಅವು ಇದರಲ್ಲಿ ಇವೆ ನಿಜ. ದೊಡ್ಡ ಮಕ್ಕಳ ಮತ್ತು ದೊಡ್ಡವರ ಡೈಪರ್, ಪ್ಯಾಡು, ಹಾಸಿಗೆ ನೆನೆಯದ ಹಾಗೆ ಹಾಸುವ ಶೀಟು, ಮೂತ್ರದ ಕ್ಯಾಥೆಟರ್, ಹೊಟ್ಟೆಗೆ ಟ್ಯೂಬ್ ಮೂಲಕ ಊಟ ಕೊಡುವವರಿಗೆ ಬೇಕಾದ ಸಾಮಾನು. ನುಂಗಲು ಕಷ್ಟವಿರುವವರಿಗೆ ನೀರು ಗಟ್ಟಿ ಮಾಡುವ ಪುಡಿಯೂ ಸೇರುತ್ತದೆ. ಅದನ್ನು ಕಲಸಿದರೆ ನೀರು ಗಂಜಿಯ ಹದಕ್ಕೆ ಬರುತ್ತದೆ, ಶ್ವಾಸನಾಳಕ್ಕೆ ಹೋಗದೆ ನಿಧಾನಕ್ಕೆ ಗಂಟಲಲ್ಲಿ ಇಳಿಯುತ್ತದೆ. ಇಂಥ ಆರೋಗ್ಯಕ್ಕೆ ಅಂಟಿಕೊಂಡ ಸಾಮಾನು ಆಸ್ಪತ್ರೆಯವರದ್ದಾ ಎನ್‌ಡಿಐಎಸ್‌ನದ್ದಾ ಅಂತ ಹಿಂದೆ ಬಹಳ ಎಳೆದಾಟವಿತ್ತು. ಅಂಗವೈಕಲ್ಯದಿಂದಲೇ ಬಂದ ಅಗತ್ಯವಾದರೆ ಎನ್‌ಡಿಐಎಸ್ ಕೊಡುತ್ತದೆ ಅನ್ನೋದು 2019ರ ಅಕ್ಟೋಬರ್‌ನಿಂದ ಜಾರಿಗೆ ಬಂತು.

ಅದೇ ಡಬ್ಬಿಯಲ್ಲಿ ಇನ್ನೊಂದು ಬಗೆಯ ಸಾಮಾನೂ ಇದೆ, ನಮ್ಮವರು ಕಾಣದೆ ಬಿಡೋದು ಅದನ್ನೇ. ಅದಕ್ಕೆ ಲೋ ಕಾಸ್ಟ್ ಅಸಿಸ್ಟಿವ್ ಟೆಕ್ನಾಲಜಿ ಅನ್ನುತ್ತಾರೆ. ಟೆಕ್ನಾಲಜಿ ಅಂದ ತಕ್ಷಣ ಕಂಪ್ಯೂಟರ್ ನೆನಪಾಗುತ್ತದೆ. ಇಲ್ಲಿ ಅದರ ಅರ್ಥ ಊರುಗೋಲು, ಸ್ನಾನದ ಕುರ್ಚಿ, ಕೈಯಲ್ಲಿ ಹಿಡಿಯುವ ಶವರ್, ಜಾರದ ಮ್ಯಾಟು, ದಪ್ಪ ಹಿಡಿಯ ಚಮಚ, ಬಾಟಲಿ ಮುಚ್ಚಳ ತಿರುಗಿಸುವ ರಬ್ಬರು, ಬಗ್ಗದೆ ಕೆಳಗಿನದನ್ನು ಎತ್ತಿಕೊಳ್ಳುವ ಉದ್ದ ಚಿಮಟ. ಇವು ಬಳಸಿ ಬಿಸಾಡುವವಲ್ಲ, ವರ್ಷಗಟ್ಟಲೆ ಬರುತ್ತವೆ. ಆದರೂ ದುಡ್ಡು ಬರೋದು ಕನ್ಸ್ಯೂಮಬಲ್ಸ್ ಡಬ್ಬಿಯಿಂದಲೇ.

'ಲೋ ಕಾಸ್ಟ್' ಅಂದರೆ ಎಷ್ಟು? ಒಂದು ವಸ್ತುವಿಗೆ 1,500 ಡಾಲರ್‌ಗಿಂತ ಕಡಿಮೆ. ಇದನ್ನು ಎರಡು ಸಲ ಓದಿ. ನಿಮ್ಮ ಒಟ್ಟು ಬಜೆಟ್ 1,500 ಅಂತಲ್ಲ, ಒಂದೊಂದು ವಸ್ತುವಿನ ಬೆಲೆ 1,500ರ ಒಳಗಿರಬೇಕು ಅಂತ. ಒಟ್ಟು ಎಷ್ಟಿದೆ ಅನ್ನೋದು ನಿಮ್ಮ ಪ್ಲಾನ್‌ನಲ್ಲಿ ಬರೆದಿರುತ್ತದೆ. 1,500ರಿಂದ 15,000ದವರೆಗಿನದ್ದು ಮಿಡ್ ಕಾಸ್ಟ್, ಅದಕ್ಕೂ ಮೇಲಿನದ್ದು ಹೈ ಕಾಸ್ಟ್. ಅವಕ್ಕೆ ದುಡ್ಡು ಕ್ಯಾಪಿಟಲ್‌ನಿಂದ ಬರಬೇಕು, ಮೊದಲೇ ತಜ್ಞರ ಅಭಿಪ್ರಾಯ ಬೇಕು, ತಿಂಗಳುಗಟ್ಟಲೆ ಕಾಯಬೇಕು. 1,800 ಡಾಲರಿನ ಒಂದೇ ಕುರ್ಚಿಗೆ ಎರಡು ಬಿಲ್ ಹರಿಸಿದರೆ ಅದು ಲೋ ಕಾಸ್ಟ್ ಆಗೋದಿಲ್ಲ. ಯಾರೋ ಅಂಗಡಿಯವರು ಹಾಗೆ ಮಾಡಿಕೊಡ್ತೀನಿ ಅಂದರೆ ಅಲ್ಲಿಂದ ಎದ್ದು ಬನ್ನಿ.

ಲೋ ಕಾಸ್ಟ್‌ನ ದೊಡ್ಡ ಅನುಕೂಲ ಅಂದರೆ, ಅಪಾಯವಿಲ್ಲದ ವಸ್ತುವಾದರೆ ಕೊಟೇಶನ್ ಬೇಡ, ಉದ್ದದ ವರದಿ ಬೇಡ. ಡಬ್ಬಿಯಲ್ಲಿ ದುಡ್ಡಿದ್ದರೆ, ಅದನ್ನು ಬೇರೆ ಯಾವುದಕ್ಕೋ ಅಂತ ಹೆಸರಿಟ್ಟು ಕಟ್ಟಿಹಾಕಿರದಿದ್ದರೆ, ಕೊಂಡು ಕ್ಲೇಮ್ ಮಾಡಬಹುದು. ಆ 'ಕಟ್ಟಿಹಾಕಿದ' ದುಡ್ಡಿಗೆ ಪ್ಲಾನ್‌ನಲ್ಲಿ ಸ್ಟೇಟೆಡ್ ಅಂತ ಬರೆದಿರುತ್ತಾರೆ. ಪ್ಲಾನ್ ತೆಗೆದು ಆ ಒಂದು ಪದ ಎಲ್ಲಿದೆ ಅಂತ ಇವತ್ತೇ ನೋಡಿಬಿಡಿ.

ಒಂದೇ ಪ್ರಶ್ನೆ

ಯಾವುದು ಸಿಗುತ್ತೆ, ಯಾವುದು ಸಿಗಲ್ಲ ಅಂತ ವಾಟ್ಸಾಪ್ ಗ್ರೂಪುಗಳಲ್ಲಿ ಪಟ್ಟಿಗಳು ಓಡಾಡುತ್ತಿರುತ್ತವೆ. 2024ರ ಅಕ್ಟೋಬರ್ 3ರಿಂದ ಸರ್ಕಾರವೇ ಅಧಿಕೃತ ಪಟ್ಟಿ ಕೊಟ್ಟಿದೆ, ಏನು ಎನ್‌ಡಿಐಎಸ್ ಸಪೋರ್ಟ್ (ಅಂದರೆ ಎನ್‌ಡಿಐಎಸ್ ದುಡ್ಡು ಕೊಡುವ ನೆರವು), ಏನು ಅಲ್ಲ ಅಂತ. ಅದಕ್ಕೂ ಹಳೆಯ ಪಟ್ಟಿಗಳನ್ನು ಅಳಿಸಿಹಾಕಿ. ಆದರೆ ಪಟ್ಟಿ ನೋಡುವ ಮೊದಲು ನಾನು ನನಗೇ ಕೇಳಿಕೊಳ್ಳುವ ಒಂದು ಪ್ರಶ್ನೆ ಇದೆ: ಅಂಗವೈಕಲ್ಯ ಇಲ್ಲದಿದ್ದರೂ ಇದನ್ನು ನಾವು ಕೊಳ್ಳುತ್ತಿದ್ದೆವಾ?

ಕೊಳ್ಳುತ್ತಿದ್ದೆವು ಅಂದರೆ ಅದು ಮನೆಖರ್ಚು. ದಿನಸಿ, ಸೋಪು, ಶಾಂಪೂ, ಬಟ್ಟೆ, ಸಾಮಾನ್ಯ ಟೂತ್‌ಬ್ರಷ್ಷು, ಕರೆಂಟ್ ಬಿಲ್ಲು. ಮಗು ಎಷ್ಟೇ ಕಷ್ಟದಲ್ಲಿರಲಿ, ಇವಕ್ಕೆ ಕೇಳಬೇಡಿ. ಇಲ್ಲ ಅಂದರೆ ಮುಂದೆ ಯೋಚಿಸಬಹುದು. ಸಾಮಾನ್ಯ ತಟ್ಟೆ ಮನೆಖರ್ಚು, ಒಂದೇ ಕೈಯಲ್ಲಿ ಉಣ್ಣುವವರಿಗೆ ಮಾಡಿದ ತಟ್ಟೆ ಅಲ್ಲ.

ಡೈಪರ್ ವಿಷಯದಲ್ಲಿ ಈ ಪ್ರಶ್ನೆ ವಯಸ್ಸಿನ ಜೊತೆ ತಿರುಗುತ್ತದೆ. ಎರಡು ವರ್ಷದ ಕೂಸಿಗೆ ಯಾರ ಮನೆಯಲ್ಲಾದರೂ ಡೈಪರ್ ಹಾಕುತ್ತಾರೆ, ಅದು ಅಪ್ಪ-ಅಮ್ಮನ ಖರ್ಚು. ಸಾಮಾನ್ಯವಾಗಿ ಐದು ವರ್ಷ ದಾಟಿದ ಮೇಲೆ, ಅಂಗವೈಕಲ್ಯದಿಂದಲೇ ಇನ್ನೂ ಬೇಕಾಗಿದೆ ಅಂತಾದರೆ ಎನ್‌ಡಿಐಎಸ್ ಕೊಡುತ್ತದೆ. ಇಲ್ಲಿ ಇನ್ನೊಂದು ಎಚ್ಚರ. ಸಿಎಪಿಎಸ್ ಅಂತ ಕೇಂದ್ರ ಸರ್ಕಾರದ ಬೇರೊಂದು ಯೋಜನೆ ಇದೆ, ಮೂತ್ರ-ಮಲದ ಹಿಡಿತ ಇಲ್ಲದವರಿಗೆ ಪ್ಯಾಡು ಕೊಳ್ಳಲು ಹಣ ಕೊಡುತ್ತದೆ. ಎನ್‌ಡಿಐಎಸ್‌ನಿಂದಲೂ ಅದಕ್ಕೇ ದುಡ್ಡು, ಸಿಎಪಿಎಸ್‌ನಿಂದಲೂ ದುಡ್ಡು ಅಂತ ಎರಡೂ ಕಡೆ ಪಡೆಯುವ ಹಾಗಿಲ್ಲ. ಒಂದನ್ನು ಆರಿಸಿಕೊಳ್ಳಬೇಕು.

ಇನ್ನೊಂದು ಸೋಸುವ ಜರಡಿ ಇದೆ: ಇದು ಬೇರೆ ಇಲಾಖೆಯ ಕೆಲಸವಾ? ಔಷಧಿ ಎನ್‌ಡಿಐಎಸ್‌ಗೆ ಬರೋದಿಲ್ಲ, ಅದು ಮೆಡಿಕೇರ್ ಕಡೆಯದ್ದು. ಶಾಲೆಯಲ್ಲಿ ಮಾತ್ರ ಬಳಸುವ ಸಲಕರಣೆ ಶಿಕ್ಷಣ ಇಲಾಖೆಯದ್ದು. 26 ವರ್ಷದೊಳಗಿನವರ ಹಿಯರಿಂಗ್ ಏಡ್ ಹಿಯರಿಂಗ್ ಆಸ್ಟ್ರೇಲಿಯಾದ ಮೂಲಕ ಸಿಗುತ್ತದೆ. ಬೇರೆ ಬಾಗಿಲು ತಟ್ಟಬೇಕು, ಅಷ್ಟೇ.

ಈ ಎರಡು ಜರಡಿ ದಾಟಿದರೂ ಸಿಕ್ಕಿಬೀಳುವ ಸಾಮಾನು ಅಂದರೆ ಟ್ಯಾಬ್ಲೆಟ್, ಸ್ಮಾರ್ಟ್‌ಫೋನ್, ಸ್ಮಾರ್ಟ್ ವಾಚ್. ನನಗೆ ಗೊತ್ತಿರುವ ಒಂದು ಕುಟುಂಬ ಮಾತು ಬಾರದ ಮಗಳಿಗೆ ಟ್ಯಾಬ್ಲೆಟ್ ಕೊಂಡಿತು. ಅದರಲ್ಲಿ ಚಿತ್ರ ಒತ್ತಿದರೆ ಮಾತು ಬರುತ್ತದೆ. ನಿಜವಾದ ಅಗತ್ಯ, ಯಾರೂ ಅಲ್ಲಗಳೆಯಲಾರರು. ಆದರೆ ಟ್ಯಾಬ್ಲೆಟ್ ಎಲ್ಲರ ಮನೆಯಲ್ಲೂ ಇರುವ ವಸ್ತು, ಹಾಗಾಗಿ 'ಅಲ್ಲ' ಪಟ್ಟಿಯಲ್ಲಿದೆ. ಅದಕ್ಕೊಂದು ದಾರಿ ಇಟ್ಟಿದ್ದಾರೆ, ಹೆಸರು ರೀಪ್ಲೇಸ್‌ಮೆಂಟ್ ಸಪೋರ್ಟ್. ಪ್ಲಾನ್‌ನಲ್ಲಿರುವ ಇನ್ನೊಂದು ಸಪೋರ್ಟ್‌ನ ಬದಲಿಗೆ ಇದನ್ನು ಕೊಡಿ, ಇದು ಅದೇ ಕೆಲಸವನ್ನು ಅಷ್ಟೇ ಚೆನ್ನಾಗಿ ಅಥವಾ ಇನ್ನೂ ಚೆನ್ನಾಗಿ ಮಾಡುತ್ತೆ, ಖರ್ಚೂ ಜಾಸ್ತಿ ಆಗಲ್ಲ ಅಂತ ಅರ್ಜಿ ಹಾಕಬೇಕು. ಒಪ್ಪಿಗೆ ಬಂದ ಮೇಲೆ ಕೊಳ್ಳಬೇಕು. ಆ ಮನೆಯವರು ಕೊಂಡ ಮೇಲೆ ಕೇಳಿದರು. ದುಡ್ಡು ವಾಪಸ್ ಬರಲಿಲ್ಲ.

ತಟ್ಟೆಯ ಕಥೆ

ಸಣ್ಣ ಸಾಮಾನಿಗೆ ವರದಿ ಕಡ್ಡಾಯವಲ್ಲ ಅಂದೆ. ಆದರೂ ಊಟ, ಸ್ನಾನದಂಥ ದಿನದ ಕೆಲಸ ಮಾಡಿಕೊಳ್ಳಲು ದಾರಿ ತೋರಿಸುವ ಆಕ್ಯುಪೇಷನಲ್ ಥೆರಪಿಸ್ಟ್, ನಾವೆಲ್ಲ ಓಟಿ ಅಂತೀವಲ್ಲ, ಅವರಿಂದ ಎರಡು ಸಾಲಿನ ಇಮೇಲ್ ತೆಗೆದುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. 'ಇಂಥವರಿಗೆ ಇಂಥ ತೊಂದರೆ ಇರುವುದರಿಂದ ಇಂಥ ವಸ್ತು ಬೇಕು' ಅಂತ ಇದ್ದರೆ ಸಾಕು. ಮುಂದೆ ಯಾರಾದರೂ ಪ್ರಶ್ನೆ ಕೇಳಿದರೆ ನಿಮ್ಮ ಕೈಯಲ್ಲಿ ಉತ್ತರ ಇರುತ್ತದೆ.

ಆದರೆ ಓಟಿಗೆ ನಮ್ಮ ಮನೆ ಗೊತ್ತಿರಬೇಕು. ನನ್ನ ಮಗ ಊಟ ಮಾಡೋದು ಕೈಯಲ್ಲಿ. ಬಲಗೈ ಬೆರಳು ಸುಮಾರಾಗಿ ಮಾತು ಕೇಳುತ್ತವೆ. ಎಡಗೈ ತಟ್ಟೆ ಹಿಡಿಯಲಾರದು. ಅನ್ನ ಸಾರು ಕಲಸಿ ತುತ್ತು ಮಾಡಲು ಹೋದರೆ ತಟ್ಟೆ ಮುಂದೆ ಮುಂದೆ ಜರುಗಿ ಮೇಜಿನ ತುದಿಗೆ ಹೋಗುತ್ತದೆ, ಅವನು ಅದರ ಹಿಂದೆಯೇ ಬಾಗುತ್ತಾನೆ. ಮೊದಲ ವರದಿಯಲ್ಲಿ ಓಟಿ ದಪ್ಪ ಹಿಡಿಯ ಚಮಚ, ಫೋರ್ಕು ಬರೆದಿದ್ದರು. ಅವರದ್ದು ತಪ್ಪಲ್ಲ. ಕೈಯಲ್ಲಿ ಉಣ್ಣುತ್ತಾನೆ ಅಂತ ಹೇಳೋಕೆ ನಮಗೇ ಒಂಥರಾ ಮುಜುಗರ, ಹೇಳಿರಲಿಲ್ಲ. ಫೋರ್ಕು ಡ್ರಾಯರ್‌ನಲ್ಲೇ ಉಳಿಯಿತು.

ಮುಂದಿನ ಸಲ ಅವರು ಬಂದಾಗ ಚಿತ್ರಾನ್ನ ಬಡಿಸಿ ಅವನನ್ನು ಊಟಕ್ಕೆ ಕೂರಿಸಿದೆ. ಹತ್ತು ನಿಮಿಷ ಸುಮ್ನೆ ನೋಡಿದರು. ಆಮೇಲೆ ಬರೆದುಕೊಟ್ಟದ್ದು ಬೇರೆಯೇ ತಟ್ಟೆ. ಅಡಿಯಲ್ಲಿ ಮೇಜಿಗೆ ಕಚ್ಚಿ ಹಿಡಿಯುವ ರಬ್ಬರು, ಒಂದು ಕಡೆ ಅಂಚು ಎತ್ತರವಾಗಿ ಒಳಕ್ಕೆ ಬಾಗಿದೆ. ಅನ್ನವನ್ನು ಆ ಅಂಚಿಗೆ ಒತ್ತಿ ತುತ್ತು ಮಾಡಬಹುದು, ಎಡಗೈ ಬೇಕಾಗಿಲ್ಲ. ಈಗ ಮುದ್ದೆಯನ್ನೂ ತಾನೇ ಮುರಿದು ಸಾರಿಗೆ ಅದ್ದುತ್ತಾನೆ. ಅರ್ಧ ಷರಟಿಗೆ, ಅರ್ಧ ಹೊಟ್ಟೆಗೆ. ಇರಲಿ.

ಸ್ನಾನದ ಕುರ್ಚಿಯೂ ಹಾಗೇ. ನೀವು ಬಕೆಟ್, ಚೊಂಬು ಇಟ್ಟುಕೊಂಡು ಸ್ನಾನ ಮಾಡಿಸುವವರಾದರೆ ಅದನ್ನು ಹೇಳಿ. ಕುರ್ಚಿಯ ಎತ್ತರ, ಕೈಯಾಸರೆ, ನೀವು ನಿಲ್ಲುವ ಜಾಗ ಎಲ್ಲ ಅದರ ಮೇಲೆ ನಿಂತಿದೆ. ಮಗು ನೆಲದ ಮೇಲೆ ಚಾಪೆ ಹಾಸಿ ಅಜ್ಜಿ ಜೊತೆ ಕೂರುತ್ತದೆ ಅಂದರೆ ನೆಲದ ಮೇಲೆ ಕೂರಲು ಬೆನ್ನಿಗೆ ಆಸರೆ ಕೊಡುವ ಆಸನಗಳೂ ಬರುತ್ತವೆ.

ಬೆಲೆ ಕಡಿಮೆ ಅಂದಮಾತ್ರಕ್ಕೆ ಎಲ್ಲವೂ ಸಲೀಸು ಅಲ್ಲ. ಹಾಸಿಗೆಯಿಂದ ಬೀಳದಿರಲಿ ಅಂತ ಪಕ್ಕಕ್ಕೆ ಸಿಕ್ಕಿಸುವ ಕಂಬಿ ನೂರಿನ್ನೂರು ಡಾಲರಿಗೆ ಸಿಗುತ್ತದೆ. ಅದಕ್ಕೂ ಹಾಸಿಗೆಗೂ ನಡುವೆ ತಲೆಯೋ ಕುತ್ತಿಗೆಯೋ ಸಿಕ್ಕಿಕೊಳ್ಳುವ ಅಪಾಯವಿದೆ. ಮಲಗಿದಲ್ಲೇ ಇದ್ದು ಮೈಗೆ ಗಾಯ ಆಗದ ಹಾಗೆ ತಡೆಯುವ ಗಾಳಿ ಹಾಸಿಗೆ, ದಿಂಬು ಇಂಥವೂ ಹಾಗೆ, ತಪ್ಪು ಅಳತೆಯದ್ದು ತಂದರೆ ಗಾಯ ಜಾಸ್ತಿಯೇ ಆಗಬಹುದು. ಇವನ್ನು ಓಟಿಯನ್ನು ಕೇಳದೆ ಆನ್‌ಲೈನ್‌ನಲ್ಲಿ ತರಿಸಬೇಡಿ. ಇದರಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ.

ಅಂಗಡಿಯಿಂದ ಬ್ಯಾಂಕಿನವರೆಗೆ

ಈಗ ಕ್ಲೇಮ್. ದುಡ್ಡು ಯಾವ ದಾರಿಯಲ್ಲಿ ಓಡುತ್ತದೆ ಅನ್ನೋದು ನಿಮ್ಮ ಪ್ಲಾನ್ ಯಾರ ಕೈಯಲ್ಲಿದೆ ಅನ್ನೋದರ ಮೇಲಿದೆ. 120 ಡಾಲರಿನ ಒಂದು ಸ್ನಾನದ ಕುರ್ಚಿ ಅಂತ ಇಟ್ಟುಕೊಳ್ಳೋಣ.

ಪ್ಲಾನ್ ಎನ್‌ಡಿಐಎ (ಎನ್‌ಡಿಐಎಸ್ ನಡೆಸುವ ಸರ್ಕಾರಿ ಸಂಸ್ಥೆ) ಕೈಯಲ್ಲೇ ಇದ್ದರೆ ನೀವು ದುಡ್ಡು ಮುಟ್ಟೋದೇ ಇಲ್ಲ. ಅಂಗಡಿಗೆ ನಿಮ್ಮ ಎನ್‌ಡಿಐಎಸ್ ನಂಬರ್ ಕೊಡುತ್ತೀರಿ, ಅವರೇ ನೇರವಾಗಿ ಕ್ಲೇಮ್ ಮಾಡಿಕೊಳ್ಳುತ್ತಾರೆ. ಆದರೆ ಅಂಗಡಿ ಎನ್‌ಡಿಐಎಸ್‌ನಲ್ಲಿ ನೋಂದಾಯಿಸಿದ್ದೇ ಆಗಿರಬೇಕು. ಪಕ್ಕದ ಬೀದಿಯ ಫಾರ್ಮಸಿಯಲ್ಲಿ ಅದೇ ಕುರ್ಚಿ 85ಕ್ಕೆ ಸಿಕ್ಕರೂ, ಅವರು ನೋಂದಾಯಿಸಿಲ್ಲ ಅಂದರೆ ಆಗೋದಿಲ್ಲ.

ಪ್ಲಾನ್ ಮ್ಯಾನೇಜರ್ ಇದ್ದರೆ ಆ ಫಾರ್ಮಸಿಗೂ ಹೋಗಬಹುದು. ಬಿಲ್ಲನ್ನು ಮ್ಯಾನೇಜರ್‌ಗೆ ಇಮೇಲ್ ಮಾಡಿದರೆ ಅವರೇ ಅಂಗಡಿಗೆ ಕಟ್ಟುತ್ತಾರೆ. ಅಂಗಡಿಯವರು ಕಾಯಲು ಒಪ್ಪದಿದ್ದರೆ ನೀವೇ ಕಟ್ಟಿ, ರಸೀದಿ ಕಳಿಸಿ, ನಿಮ್ಮ ಖಾತೆಗೆ ವಾಪಸ್ ಹಾಕಿಸಿಕೊಳ್ಳಬಹುದು. ಮ್ಯಾನೇಜರ್‌ನ ಫೀಸು ಪ್ಲಾನ್‌ನಲ್ಲಿ ಬೇರೆಯಾಗಿ ಬರುತ್ತದೆ, ನಿಮ್ಮ ಡೈಪರ್ ದುಡ್ಡು ತಿನ್ನೋದಿಲ್ಲ. ಹೊಸಬರಿಗೆ ನಾನು ಹೇಳೋದು ಇದನ್ನೇ. ಒಂದು ವರ್ಷ ಮ್ಯಾನೇಜರ್ ಇಟ್ಟುಕೊಳ್ಳಿ, ಅವರು ಯಾವ ಬಿಲ್ ವಾಪಸ್ ಕಳಿಸುತ್ತಾರೆ ಅಂತ ನೋಡಿ ಕಲಿಯಿರಿ.

ಮೂರನೆಯದು ಸೆಲ್ಫ್ ಮ್ಯಾನೇಜ್. ಎಲ್ಲ ನಿಮ್ಮದೇ. ಕುರ್ಚಿ ಎಲ್ಲಿ ಬೇಕಾದರೂ ಕೊಳ್ಳಿ, ಮೈ ಎನ್‌ಡಿಐಎಸ್ ಆ್ಯಪ್ ಅಥವಾ ಪೋರ್ಟಲ್ ತೆರೆಯಿರಿ, ಡಬ್ಬಿ ಕನ್ಸ್ಯೂಮಬಲ್ಸ್ ಅಂತ ಆರಿಸಿ, ತಾರೀಖು, ಮೊತ್ತ, ಅಂಗಡಿಯ ಎಬಿಎನ್ (ವ್ಯಾಪಾರದ ನೋಂದಣಿ ನಂಬರ್) ಹಾಕಿ. ಎಲ್ಲ ಸರಿ ಇದ್ದರೆ ಕೆಲವೇ ದಿನದಲ್ಲಿ ಖಾತೆಗೆ ಬರುತ್ತದೆ. ಇದಕ್ಕೊಂದು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದರೆ ತಲೆನೋವು ಅರ್ಧ ಕಡಿಮೆ. ರಸೀದಿಗಳನ್ನು ಐದು ವರ್ಷ ಇಡಬೇಕು. ಥರ್ಮಲ್ ಕಾಗದದ ಬಿಲ್ಲು ಆರು ತಿಂಗಳಿಗೆ ಬೆಳ್ಳಗಾಗುತ್ತದೆ, ಆವತ್ತೇ ಫೋಟೋ ತೆಗೆದಿಡಿ.

ಬಿಲ್ಲಿನ ಮಾತು ಬಂತಲ್ಲ. ನಮ್ಮ ಮೊಟ್ಟಮೊದಲ ಕ್ಲೇಮ್ ವಾಪಸ್ ಬಂದದ್ದು ಕೊತ್ತಂಬರಿ ಸೊಪ್ಪಿನಿಂದ. ಸೂಪರ್‌ಮಾರ್ಕೆಟ್‌ನಲ್ಲಿ ಡೈಪರ್ ಜೊತೆ ಹಾಲು, ಮೊಸರು, ಎರಡು ಕಟ್ಟು ಕೊತ್ತಂಬರಿ ತೆಗೆದುಕೊಂಡಿದ್ದೆ. ಒಂದೇ ಬಿಲ್ಲು. ಡೈಪರ್ ಸಾಲಿಗೆ ಪೆನ್ನಿನಲ್ಲಿ ಗೆರೆ ಎಳೆದು ಕಳಿಸಿದೆ. ಬಿಲ್ಲಿನಲ್ಲಿ ಡೈಪರಿನ ಹೆಸರೂ ನಾಲ್ಕಕ್ಷರಕ್ಕೆ ಕತ್ತರಿಸಿ ಅಚ್ಚಾಗಿತ್ತು, ಏನು ಅಂತಲೇ ತಿಳಿಯುತ್ತಿರಲಿಲ್ಲ. 'ಬೇರೆ ಬಿಲ್ ಕಳಿಸಿ' ಅಂತ ಪ್ಲಾನ್ ಮ್ಯಾನೇಜರ್ ಬರೆದರು. ಅವತ್ತಿಂದ ಎರಡು ಬುಟ್ಟಿ, ಎರಡು ಬಿಲ್ಲು. ಬಿಲ್ಲಿನಲ್ಲಿ ಅಂಗಡಿಯ ಹೆಸರು, ಎಬಿಎನ್, ತಾರೀಖು, ವಸ್ತು ಏನು ಅಂತ ಓದಿದರೆ ತಿಳಿಯುವ ಹಾಗೆ, ಎಷ್ಟು, ಬೆಲೆ ಎಷ್ಟು, ಇವಿಷ್ಟು ಇರಬೇಕು. ಡೈಪರನ್ನು ಅಂಥ ಸಾಮಾನೇ ಮಾರುವ ಆನ್‌ಲೈನ್ ಅಂಗಡಿಯಿಂದ ತರಿಸಿದರೆ ಇನ್ವಾಯ್ಸ್ ತಾನಾಗೇ ಹೀಗೆ ಬರುತ್ತದೆ, ಸಗಟಾಗಿ ಅಗ್ಗವೂ ಹೌದು.

ಬೆಲೆ ಕೇಳುವಾಗ ಎನ್‌ಡಿಐಎಸ್ ಅಂತ ಮೊದಲೇ ಬಾಯಿ ಬಿಡಬೇಡಿ. ಆ ಪದ ಕಿವಿಗೆ ಬಿದ್ದೊಡನೆ ಕೆಲವು ಕಡೆ ಬೆಲೆ ಏರಿದ್ದನ್ನು ನಾನೇ ನೋಡಿದ್ದೇನೆ. ಸರಿಯಾದ ಕಾರಣವಿಲ್ಲದೆ ಎನ್‌ಡಿಐಎಸ್‌ನವರಿಗೆ ಅದೇ ವಸ್ತುವನ್ನು ಜಾಸ್ತಿ ಬೆಲೆಗೆ ಮಾರಬಾರದು ಅಂತ ಈಗ ನಿಯಮವೇ ಇದೆ. ಆದರೂ ಮೊದಲು ಬೆಲೆ, ಆಮೇಲೆ ನಂಬರ್.

ಅವಧಿ ಮತ್ತು ಲೆಕ್ಕ

2025ರ ಮೇ 19ರಿಂದ ಹೊಸ ಪ್ಲಾನ್‌ಗಳಲ್ಲಿ ದುಡ್ಡು ಒಂದೇ ಸಲ ಬಿಡುಗಡೆ ಆಗೋದಿಲ್ಲ. ಫಂಡಿಂಗ್ ಪೀರಿಯಡ್ ಅಂತ ಕಂತು ಮಾಡಿದ್ದಾರೆ, ಹೆಚ್ಚಾಗಿ ಮೂರು ತಿಂಗಳಿಗೊಂದು. ವರ್ಷಕ್ಕೆ 2,000 ಇದ್ದರೆ ಮೊದಲ ಮೂರು ತಿಂಗಳಿಗೆ 500ರ ಆಸುಪಾಸು ಕೈಗೆ ಸಿಗುತ್ತದೆ. ಉಳಿದದ್ದು ಅದೇ ಪ್ಲಾನ್‌ನ ಮುಂದಿನ ಕಂತಿಗೆ ಸೇರಿಕೊಳ್ಳುತ್ತದೆ. ಆದರೆ ಹೊಸ ಪ್ಲಾನ್ ಬಂದಾಗ ಹಳೆಯದರ ಉಳಿಕೆ ಬರೋದಿಲ್ಲ. ದೀಪಾವಳಿ ಸೇಲ್‌ನಂತೆ ವರ್ಷದ ಡೈಪರನ್ನು ಒಮ್ಮೆಗೇ ತರಿಸೋಣ ಅಂದುಕೊಂಡವರು ಇಲ್ಲಿ ಎಡವುತ್ತಾರೆ. ಹಳೆಯ ಬಿಲ್ಲು ಸಿಕ್ಕರೆ ಬಿಸಾಡಬೇಡಿ, ವಸ್ತು ಕೊಂಡ ಎರಡು ವರ್ಷದೊಳಗೆ, ಆಗಿನ ಪ್ಲಾನ್‌ನಲ್ಲಿ ದುಡ್ಡು ಉಳಿದಿದ್ದರೆ, ಅದರ ಲೆಕ್ಕಕ್ಕೇ ಕ್ಲೇಮ್ ಮಾಡಬಹುದು. ಬಿಲ್ಲು ಜೋಪಾನ ಮಾಡಬೇಕು ಅಂತ ಆಗ ನನಗೆ ಗೊತ್ತಿದ್ದರೆ, ಮಗನಿಗೆ ಆರು, ಏಳು ವರ್ಷವಿದ್ದಾಗಿನ ಬಿಲ್ಲುಗಳನ್ನು ಹೀಗೆ ಕಳೆದುಕೊಳ್ಳುತ್ತಿರಲಿಲ್ಲ.

ಡಬ್ಬಿಯಲ್ಲಿ ದುಡ್ಡೇ ಇಲ್ಲ, ಅಥವಾ ಸಾಲುತ್ತಿಲ್ಲ ಅನ್ನುವವರು ಮುಂದಿನ ಪ್ಲಾನ್ ಮೀಟಿಂಗ್‌ಗೆ ಗೋಳು ತೆಗೆದುಕೊಂಡು ಹೋಗಬೇಡಿ, ಲೆಕ್ಕ ತೆಗೆದುಕೊಂಡು ಹೋಗಿ. ನಾನು ಎರಡು ವಾರ ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿ, ಪ್ರತಿ ಸಲ ಡೈಪರ್ ಬದಲಿಸಿದಾಗ ಒಂದು ಗೆರೆ ಎಳೆದೆ. ದಿನಕ್ಕೆ ಸರಾಸರಿ ನಾಲ್ಕು ಬಂತು. ಒಂದಕ್ಕೆ ಒಂದೂವರೆ ಡಾಲರ್ ಅಂದರೆ ದಿನಕ್ಕೆ 6, ವರ್ಷಕ್ಕೆ 2,190. ರಾತ್ರಿಗೆ ಹಾಸುವ ಶೀಟು ಬೇರೆ. ಪ್ಲಾನರ್ ಮುಂದೆ ಆ ಚೀಟಿಯನ್ನೇ ಇಟ್ಟೆ. ಹಿಂದಿನ ವರ್ಷ 'ತುಂಬಾ ಬೇಕಾಗುತ್ತೆ ಮೇಡಂ' ಅಂದಾಗ ತಲೆ ಆಡಿಸಿದ್ದಷ್ಟೇ, ಈ ಸಲ ಅವರು ಅಂಕಿಗಳನ್ನು ಬರೆದುಕೊಂಡರು. ಯಾವ ಅಳತೆ, ಯಾವ ಬಗೆಯ ಪ್ಯಾಡು ಅನ್ನೋದಕ್ಕೆ ಕಂಟಿನೆನ್ಸ್ ನರ್ಸ್ (ಮೂತ್ರ-ಮಲದ ಹಿಡಿತದ ತೊಂದರೆ ನೋಡುವ ನರ್ಸ್) ಒಬ್ಬರ ವರದಿ ಇದ್ದರೆ ಇನ್ನೂ ಗಟ್ಟಿ. ಇದಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 1800 33 00 66, ಫೋನ್ ಎತ್ತೋದು ನರ್ಸುಗಳೇ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಯಾರಿಗೆ ಸಿಗೋದಿಲ್ಲ ಅನ್ನೋದನ್ನೂ ಹೇಳಬೇಕು, ಏಕೆಂದರೆ ನಮ್ಮವರಲ್ಲಿ ಇಂಥವರು ಬಹಳ. ಆಸ್ಟ್ರೇಲಿಯಾದ ಪೌರತ್ವ ಅಥವಾ ಪರ್ಮನೆಂಟ್ ರೆಸಿಡೆನ್ಸಿ ಇಲ್ಲದೆ, ವರ್ಕ್ ವೀಸಾ, ಸ್ಟೂಡೆಂಟ್ ವೀಸಾದಲ್ಲಿರುವ ಕನ್ನಡಿಗರಿಗೆ ಎನ್‌ಡಿಐಎಸ್ ಬಾಗಿಲು ತೆರೆಯೋದಿಲ್ಲ. ಊರಿಂದ ಆರು ತಿಂಗಳಿಗೆ ಬಂದ ಅಪ್ಪ-ಅಮ್ಮನಿಗೂ ಇಲ್ಲ. ಅರ್ಜಿ ಹಾಕುವಾಗ ವಯಸ್ಸು 65ರ ಒಳಗಿರಬೇಕು. ಒಳಗೆ ಬಂದ ಮೇಲೆ 65 ದಾಟಿದವರು ಮುಂದುವರಿಯಬಹುದು. 65 ದಾಟಿದ, ಇಲ್ಲೇ ನೆಲೆಸಿರುವ ಉಳಿದ ಹಿರಿಯರು ಮೈ ಏಜ್ಡ್ ಕೇರ್ ಅನ್ನೋ ಹಿರಿಯರ ಆರೈಕೆಯ ಸರ್ಕಾರಿ ಸೇವೆಯ ಕಡೆ ಹೋಗಬೇಕು. ಅಲ್ಲಿ 2025ರ ನವೆಂಬರ್ 1ರಿಂದ ಸಪೋರ್ಟ್ ಅಟ್ ಹೋಮ್ ಅನ್ನೋ ಹೊಸ ವ್ಯವಸ್ಥೆ ಶುರುವಾಗಿದೆ, ಊರುಗೋಲು, ಸ್ನಾನದ ಕುರ್ಚಿಯಂಥವಕ್ಕೆ ಅದರೊಳಗೇ ಬೇರೆ ದುಡ್ಡು ಇಟ್ಟಿದ್ದಾರೆ.

ಎನ್‌ಡಿಐಎಸ್ ನಂಬರ್ 1800 800 110. ಅತ್ತೆಗೋ ಮಾವನಿಗೋ ಇಂಗ್ಲಿಷ್ ಕಷ್ಟ ಅಂದರೆ ಮೊದಲು 131 450ಕ್ಕೆ ಮಾಡಿ. ಅದು ಸರ್ಕಾರದ ದುಭಾಷಿ ಸೇವೆ. 'ಕನ್ನಡ' ಅಂತ ಬಿಡಿಸಿ ಹೇಳಿ, ಇಲ್ಲದಿದ್ದರೆ ಅವರಿಗೆ ಕೆನಡಾ ಅಂತ ಕೇಳಿಸುತ್ತದೆ. ಎನ್‌ಡಿಐಎಸ್ ಲೈನ್ ಸಿಕ್ಕ ಮೇಲೆ ಮೊದಲು ಎರಡು ವಿಷಯ ಕೇಳಿ ಬರೆದುಕೊಳ್ಳಿ: ಕನ್ಸ್ಯೂಮಬಲ್ಸ್‌ನಲ್ಲಿ ಇವತ್ತಿಗೆ ಎಷ್ಟು ಉಳಿದಿದೆ, ಈ ಕಂತು ಯಾವ ತಾರೀಖಿಗೆ ಮುಗಿಯುತ್ತದೆ.